ಒಂಬತ್ತನೇ ಕಿಟಕಿ

ನ್ಯಾಮತಿಯ ಹೊಲಿಗೆ ಟೀಚರ್ ಮನೆಯ ಮಹಡಿಗೆ ಹೊಸ ಕಿಟಕಿ ಕೂರಿಸಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಬೆಳಗ್ಗೆ ಹೊನ್ನಾಳಿಯಲ್ಲಿ ನನ್ನ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಅವರ ಫೋನ್ ಬಂತು.

"ನಿನ್ನೆ ಸಂಜಿ ಮಳೆ ಬಂತಲ್ರೀ, ನಿಮ್ಮ ಹೊಸ ಕಿಟಕಿ ಎಲ್ಲಾ ಒಳಗೇ ಸುರಿಸ್ಯಾವೆ. ಮೂರು ಮಿಷಿನ್ ನೆಂದಾವೆ. ಗೆದ್ದಲು ಹಿಡಿದ ಆ ಹಳೇ ಕಿಟಕೀನೇ ವಾಸಿ ಇದ್ವು ಅನ್ನಂಗಾಗೈತೆ ನೋಡ್ರಿ."

ಅವರು ಗಂಡ ತೀರಿಕೊಂಡ ಮೇಲೆ ಮನೆಯ ಮಹಡಿಯ ಉದ್ದನೆಯ ಹಾಲಿನಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದರು. ಹನ್ನೆರಡು ಮಿಷಿನ್ನು, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಕಲಿಯುವ ಹೆಂಗಸರು. ಒಂಬತ್ತು ಮರದ ಕಿಟಕಿಗಳಲ್ಲಿ ಐದನ್ನು ತೆರೆಯಲು ಬರುತ್ತಿರಲಿಲ್ಲ. ಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಸೂಜಿಗೆ ದಾರ ಪೋಣಿಸಬೇಕಾಗಿತ್ತು. ಅವನ್ನು ಕಿತ್ತು, ಪಕ್ಕಕ್ಕೆ ಸರಿಸುವ ಅಲ್ಯೂಮಿನಿಯಂ ಕಿಟಕಿ ಕೂರಿಸುವ ಕೆಲಸ ನಮ್ಮದಾಗಿತ್ತು.

ನಮ್ಮದು ಎಂದೆ. ಕೂರಿಸಿದ್ದು ನಾನಲ್ಲ. ಆ ವಾರ ನಾನು ಚನ್ನಗಿರಿಯಲ್ಲಿ ಒಂದು ಕಲ್ಯಾಣ ಮಂಟಪದ ಮುಂಭಾಗಕ್ಕೆ ಗಾಜು ಹಾಕಿಸುತ್ತಿದ್ದೆ. ನ್ಯಾಮತಿಯ ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸಿ ಹೋಗಿದ್ದೆ. ಮೇಸ್ತ್ರಿ ಇದ್ದ ಕಡೆ ನಾನು ತಿರುಗಿ ನೋಡುವ ಅಗತ್ಯವೇ ಇಲ್ಲ ಎಂಬುದು ಇಪ್ಪತ್ತೆರಡು ವರ್ಷಗಳಿಂದ ನನ್ನಲ್ಲಿ ಊರಿಹೋಗಿದ್ದ ನಂಬಿಕೆ.

ಅವರು ಕೆರೆಬಿಳಚಿಯವರು. ಮರಗೆಲಸದವರಾಗಿದ್ದು, ಕಾಲ ಬದಲಾದಾಗ ಐವತ್ತರ ವಯಸ್ಸಿನಲ್ಲಿ ಅಲ್ಯೂಮಿನಿಯಂ ಕೆಲಸ ಕಲಿತವರು. ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಅವರ ಹತ್ತಿರ ಹೋದೆ. ಆಗ ನಮ್ಮ ಕೇರಿಯವರನ್ನು ಕಲ್ಲು, ಮರಳು ಹೊರಲು ಕರೆಯುತ್ತಿದ್ದರೇ ಹೊರತು ಉಳಿ, ಕೈಗರಗಸ ಮುಟ್ಟಲು ಬಿಡುತ್ತಿರಲಿಲ್ಲ. ಮೇಸ್ತ್ರಿ ಮೊದಲನೇ ದಿನವೇ ತಮ್ಮ ಉಳಿಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ಕೈ ಕೊಯ್ಕೊಂಡ್ರೂ ಪರವಾಗಿಲ್ಲ, ಮರ ಕೆಡಿಸಬ್ಯಾಡ" ಎಂದಿದ್ದರು. ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಅವರ ಪಕ್ಕದಲ್ಲೇ ನನಗೂ ತಟ್ಟೆ ಇಡಿಸಿದ್ದರು. ಮುಂದೆ ನಾನೇ ಅಂಗಡಿ ಹಾಕಿದಾಗ ಅವರು ನನ್ನ ಜೊತೆ ಬಂದರು. ಬೋರ್ಡಿನಲ್ಲಿ ಹೆಸರು ನನ್ನದಿದ್ದರೂ ಗಿರಾಕಿಗಳು ಬರುತ್ತಿದ್ದುದು ಮೇಸ್ತ್ರಿಯ ಕೈ ನೋಡಿ.

ಫೋನ್ ಬಂದ ದಿನ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ನ್ಯಾಮತಿಗೆ ಹೋದೆ. ಮಹಡಿ ಹತ್ತಿ ಮೊದಲ ಕಿಟಕಿ ನೋಡಿದೊಡನೆ ಕಾರಣ ಕಂಡಿತು. ಕಿಟಕಿಯ ಕೆಳಗಿನ ಹಳಿಯಲ್ಲಿ ಇನ್ನೂ ನೀರು ನಿಂತಿತ್ತು. ಹಳಿಗೆ ಬಿದ್ದ ಮಳೆನೀರು ಹೊರಗೆ ಹೋಗಲು ಹೊರಮುಖದಲ್ಲಿ ಎರಡು ಸಣ್ಣ ತೂತು ಕೊರೆಯಬೇಕು. ಇಲ್ಲದಿದ್ದರೆ ಹಳಿ ತುಂಬಿ ನೀರು ಒಳಗೆ ಉಕ್ಕುತ್ತದೆ. ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ ಅದು. ಒಂಬತ್ತರಲ್ಲಿ ಒಂದಕ್ಕೂ ತೂತು ಇರಲಿಲ್ಲ.

"ಮರ್ತೆ ಬಿಡು" ಎಂದು ಮೇಸ್ತ್ರಿ ನಕ್ಕರು. "ವಯಸ್ಸಾತು."

ಟೀಚರ್ ನಗಲಿಲ್ಲ. ನಾನು ಡ್ರಿಲ್ ತೆಗೆದು ಹದಿನೆಂಟು ತೂತು ಕೊರೆದೆ. ಕೊರೆಯುವಾಗ ಎರಡು ಕಡೆ ಫ್ರೇಮು ಗೋಡೆಯಿಂದ ಅಲುಗಾಡಿದ ಹಾಗೆ ಅನ್ನಿಸಿತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ನಾನು ಕೇಳಲಿಲ್ಲ. ಬಗ್ಗಿ ನೋಡಲೂ ಇಲ್ಲ.

ಮುಂದಿನ ವಾರ ಇನ್ನೊಂದು ಫೋನ್. ಕಿಟಕಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿವೆ, ಇಬ್ಬರು ಸೇರಿ ತಳ್ಳಬೇಕು ಎಂದು. ಈ ಸಲ ಮೇಸ್ತ್ರಿಗೆ ಹೇಳದೆ ಒಬ್ಬನೇ ಹೋದೆ.

ಚೌಕಟ್ಟು ನೆಟ್ಟಗಿದೆಯೇ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಎಡಮೇಲಿನ ಮೂಲೆಯಿಂದ ಬಲಕೆಳಗಿನ ಮೂಲೆಗೆ ಟೇಪು ಹಿಡಿಯಬೇಕು, ಆಮೇಲೆ ಬಲಮೇಲಿನಿಂದ ಎಡಕೆಳಕ್ಕೆ. ಎರಡೂ ಅಳತೆ ಒಂದೇ ಇದ್ದರೆ ಮೂಲೆಗಳು ಸರಿ. ನಾಲ್ಕಡಿ ಕಿಟಕಿಯಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಹೆಚ್ಚುಕಡಿಮೆ ಇದ್ದರೆ ನಡೆಯುತ್ತದೆ. ಮೊದಲನೆಯದರಲ್ಲಿ ಅರ್ಧ ಇಂಚು ಬಂತು. ಎರಡನೆಯದರಲ್ಲಿ ಮುಕ್ಕಾಲು ಇಂಚು. ಟೇಪನ್ನೇ ಅನುಮಾನಿಸಿ, ಟೀಚರ್ ಬಳಿ ಅವರ ಬಟ್ಟೆ ಅಳೆಯುವ ಟೇಪು ಇಸಿದುಕೊಂಡು ಮತ್ತೆ ಅಳೆದೆ. ಅಷ್ಟೇ ಬಂತು.

ಒಂದು ಕಿಟಕಿಯ ಅಂಚಿಗೆ ಬಳಿದ ಸಿಲಿಕಾನ್ ಅಂಟನ್ನು ಬ್ಲೇಡಿನಿಂದ ಕೊಯ್ದು ಬಿಡಿಸಿದೆ. ಒಳಗಿಂದ ಸಿಮೆಂಟ್ ಚೀಲದ ತುಂಡು ಹೊರಗೆ ಇಣುಕಿತು. ಎಳೆದೆ. ಬರುತ್ತಲೇ ಇತ್ತು. ಗೋಡೆಗೂ ಫ್ರೇಮಿಗೂ ನಡುವೆ ಒಂದೂವರೆ ಇಂಚಿನ ಸಂದು. ಅದರೊಳಗೆ ಚೀಲ, ಕಾಗದ, ಹಳೆ ಕಿಟಕಿಯ ಮರದ ಚೂರು ಎಲ್ಲ ತುರುಕಿ ಮೇಲೆ ಸಿಲಿಕಾನ್ ಬಳಿದಿತ್ತು. ಫ್ರೇಮಿನ ಒಂದೊಂದು ಬದಿಗೆ ಗೋಡೆಯೊಳಗೆ ಬಿಗಿಯುವ ಉದ್ದನೆಯ ಸ್ಕ್ರೂ, ಅಂದರೆ ಫಾಸ್ಟನರ್, ಮೂರು ಹೋಗಬೇಕಾದ ಕಡೆ ಒಂದು ಹೋಗಿತ್ತು. ಅದೂ ಹಳೆ ಗಾರೆಯ ಪುಡಿಯಲ್ಲಿ ಸುಮ್ಮನೆ ನಿಂತಿತ್ತು. ಬೆರಳಿನಿಂದಲೇ ಎಳೆದುಕೊಂಡೆ.

ಟೀಚರ್ ಹಿಂದೆ ಬಂದು ನಿಂತಿದ್ದರು. ಮಿಷಿನ್ನುಗಳ ಸದ್ದು ನಿಂತಿತ್ತು.

"ಇದೇನ್ರೀ? ಗೋಡೆಯೊಳಗೆ ಚೀಲ ತುಂಬೀರಾ?"

ಇಷ್ಟು ವರ್ಷದಲ್ಲಿ ಬೇರೆಯವರು ಕೆಡಿಸಿದ ಕೆಲಸ ಎಷ್ಟೋ ನೋಡಿದ್ದೇನೆ, ಗಿರಾಕಿಯ ಮುಂದೆ ಅವರನ್ನು ಬೈದೂ ಇದ್ದೇನೆ. ಇದು ಮೇಸ್ತ್ರಿಯ ಕೈ. ನಾನು ಹಿಂದೊಮ್ಮೆ ಬಾಗಿಲ ಚೌಕಟ್ಟಿನ ಸಂದಿಗೆ ಮರದ ಪುಡಿ ತುಂಬಿ ಮೇಣ ಬಳಿದಾಗ, ಆ ಚೌಕಟ್ಟನ್ನೇ ಒಡೆಸಿ ಹೊಸದು ಮಾಡಿಸಿದ ಕೈ.

"ಎಲ್ಲಾ ಕಿತ್ತು ಹೊಸದಾಗಿ ಮಾಡ್ತೀನಿ ಮೇಡಂ. ತಪ್ಪು ನಮ್ಮದು" ಎಂದೆ.

"ಆ ದೊಡ್ಡ ಮನುಷ್ಯ ಹಿಂಗೆ ಮಾಡ್ತಾರೆ ಅನ್ಕಂಡಿರಲಿಲ್ಲ" ಎಂದರು ಅವರು. ಅವರ ಸಿಟ್ಟಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಅಲ್ಲಿಂದ ನೇರವಾಗಿ ಕೆರೆಬಿಳಚಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ ಇರಬೇಕು. ಮೇಸ್ತ್ರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಗರಗಸಕ್ಕೆ ಅರ ಹಾಕುತ್ತಿದ್ದರು. ನಾನು ಜೇಬಿನಿಂದ ಟೇಪು ತೆಗೆದು, ಒಂದು ಕಡೆ ಹೆಬ್ಬೆರಳು ಒತ್ತಿ ಅವರ ಮುಂದೆ ಹಿಡಿದೆ.

"ಎಷ್ಟೈತೆ ಹೇಳ್ರಿ ಮೇಸ್ತ್ರಿ."

ಅವರು ಟೇಪು ನೋಡಿದರು. ನನ್ನ ಮುಖದ ಕಡೆ ನೋಡಿದರು. ಆಮೇಲೆ ಟೇಪಿನ ಮೇಲೆ ಬೆರಳು ಆಡಿಸಿದರು, ಅಂಕಿ ಕೈಗೆ ಸಿಗುತ್ತದೆ ಎನ್ನುವ ಹಾಗೆ.

"ಮೂವತ್ತಾರು."

ನನ್ನ ಹೆಬ್ಬೆರಳು ಇದ್ದದ್ದು ಐವತ್ತೆಂಟರ ಮೇಲೆ.

ನಾನು ಕಟ್ಟೆಯ ಮೇಲೆ ಕುಳಿತೆ. ಅವರು ಗರಗಸವನ್ನು ಪಕ್ಕಕ್ಕೆ ಇಟ್ಟರು. ನನಗೆ ಒಂದೊಂದಾಗಿ ನೆನಪಾಗತೊಡಗಿತು. ಒಂದು ವರ್ಷದಿಂದ ಅಳತೆ ತೆಗೆಯುವಾಗೆಲ್ಲ ಅವರು ಟೇಪಿನ ತುದಿ ಹಿಡಿದು, "ನೀನೇ ನೋಡಿ ಹೇಳು" ಎನ್ನುತ್ತಿದ್ದರು. ಶಿಷ್ಯನಿಗೆ ಹಿರಿತನ ಬಿಟ್ಟುಕೊಡುತ್ತಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

"ಯಾವಾಗಿಂದ?" ಎಂದೆ.

"ಹೋದ ವರ್ಷದಿಂದ ಮಂಜು ಕವಿದಂಗೆ. ಈಗ ಆರೂ ಎಂಟೂ ಒಂದೇ ಕಾಣ್ತಾವೆ. ಸಕ್ಕರೆ ಕಾಯ್ಲೆ ಕಣ್ಣಿಗೆ ಇಳಿದೈತಂತೆ."

"ಡಾಕ್ಟ್ರು ಹೇಳಿದ್ರಾ?"

"ಹೇಳಿದ್ರು. ಸೂಜಿ ಹಾಕಿಸ್ಬೇಕು ಅಂದ್ರು. ಹೋಗ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಮೇಸ್ತ್ರಿ?"

"ಹೇಳಿದ್ರೆ ನೀನು ಏನು ಮಾಡ್ತಿದ್ದೆ? ಮನೇಲಿ ಕೂತ್ಕಳ್ರಿ ಅಂತಿದ್ದೆ." ಅವರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. "ಕೂತು ಏನು ಮಾಡ್ಲಿ ನಾನು? ನಂಗೆ ಬೇರೆ ಏನು ಬರ್ತತೆ?"

ನ್ಯಾಮತಿಯಲ್ಲಿ ಏನಾಯಿತೆಂದು ಅವರೇ ಹೇಳಿದರು. ಅಳತೆಯ ಅಂಕಿಗಳನ್ನು ತಪ್ಪಾಗಿ ಓದಿ ಫ್ರೇಮುಗಳನ್ನು ಚಿಕ್ಕದಾಗಿ ಕತ್ತರಿಸಿದ್ದರು. ಗೋಡೆಗೆ ಹಿಡಿದಾಗ ಸಂದು ಕಂಡಿತು. ಆಗಲೇ ನಿಲ್ಲಿಸಿ ನನಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಗುಟ್ಟು ಹೊರಬೀಳುತ್ತಿತ್ತು. ಜೊತೆಗಿದ್ದ ಕೆಲಸಗಾರ ಚೀಲ ತುಂಬಿ ಮುಚ್ಚೋಣ ಎಂದಾಗ, "ಹೂಂ ಅಂದ್ಬಿಟ್ಟೆ" ಎಂದರು. ಹಾಗೆ ಹೇಳುವಾಗ ಅವರ ದನಿ ಸಣ್ಣದಾಯಿತು. "ಹೂಂ ಅಂದ್ಬಿಟ್ಟೆ ತಮ್ಮ."

ಒಂಬತ್ತನ್ನೂ ಕಿತ್ತು ಮತ್ತೆ ಮಾಡುತ್ತೇನೆ, ನೀವು ಬರುವುದು ಬೇಡ, ಮೊದಲು ಕಣ್ಣು ತೋರಿಸಿಕೊಳ್ಳಿ ಎಂದೆ. ಅವರು ಒಪ್ಪಿಕೊಂಡರು. ನಾನು ಬೈಕಿನ ಹತ್ತಿರ ಹೋದ ಮೇಲೆ ತಡವರಿಸುತ್ತ ಹಿಂದೆಯೇ ಬಂದು ಹ್ಯಾಂಡಲ್ ಹಿಡಿದರು.

"ಒಂದು ಕಿಟಕಿ ನಂಗೆ ಬಿಡೋ. ಒಂದೇ ಒಂದು. ಅಂಕಿ ಓದಾಕೆ ಬರ್ದಿದ್ರೆ ಏನಾತು, ಕೋಲಿನಾಗೆ ಅಳೀತೀನಿ. ನಮ್ಮಪ್ಪಗೆ ಅಂಕಿನೇ ಬರ್ತಿರಲಿಲ್ಲ. ಚೀಲ ತುಂಬಿದ್ದೇ ನನ್ನ ಕೊನೇ ಕೆಲ್ಸ ಆಗಬಾರ್ದು."

ಆ ಹೊತ್ತಿನಲ್ಲಿ ಬೇಡ ಎನ್ನುವ ಶಕ್ತಿ ನನಗಿದ್ದಿದ್ದರೆ ಈ ಬರಹವನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. "ಆಗ್ಲಿ ಮೇಸ್ತ್ರಿ" ಎಂದೆ.

ಕಿತ್ತು ಮಾಡುವ ಕೆಲಸ ಹೊಸ ಕೆಲಸಕ್ಕಿಂತ ಕಷ್ಟ. ಟೀಚರ್ ಎಂಟು ದಿನ ತರಗತಿ ನಿಲ್ಲಿಸಿದರು. ಮಿಷಿನ್ನುಗಳನ್ನು ಹಾಲಿನ ನಡುವೆ ಸೇರಿಸಿ ಟಾರ್ಪಾಲು ಹೊದಿಸಿದೆವು. ಫ್ರೇಮುಗಳನ್ನು ತೆಗೆದು, ಹಳೆ ಗಾರೆಯನ್ನು ಗಟ್ಟಿ ಇಟ್ಟಿಗೆ ಸಿಗುವವರೆಗೂ ಕೆರೆದು, ಅಂಚುಗಳನ್ನು ಹೊಸ ಸಿಮೆಂಟಿನಿಂದ ಕಟ್ಟಿ, ಹೊರಗಡೆಗೆ ಇಳಿಜಾರು ಕೊಟ್ಟು ಮೂರು ದಿನ ನೀರುಣಿಸಿದೆವು. ಅದು ಒಣಗಿದ ಮೇಲೆ ಪ್ರತಿ ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಅದರಲ್ಲಿ ಕಡಿಮೆ ಬಂದದ್ದನ್ನು ಹಿಡಿದು ಫ್ರೇಮು ಕತ್ತರಿಸಿದೆ. ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು, ಬದಿಗೆ ಮೂರರಂತೆ ಫಾಸ್ಟನರ್ ಬಿಗಿದೆ.

ಕೊನೆಗೆ ಒಂದು ಪರೀಕ್ಷೆ ಇರುತ್ತದೆ. ಗಾಜು ಕೂರಿಸಿದ, ಪಕ್ಕಕ್ಕೆ ಓಡಾಡುವ ಭಾಗಕ್ಕೆ ನಾವು ಶಟರ್ ಅನ್ನುತ್ತೇವೆ. ಅದನ್ನು ಕೂರಿಸುವಾಗ ಮೊದಲು ಮೇಲಿನ ಹಳಿಯೊಳಗೆ ಎತ್ತಿ ಸೇರಿಸಿ ಆಮೇಲೆ ಕೆಳಗಿನ ಹಳಿಗೆ ಇಳಿಸುತ್ತೇವೆ. ಇಳಿದ ಮೇಲೂ ಅದರ ತಲೆ ಮೇಲಿನ ಹಳಿಯೊಳಗೆ ಕಡೇ ಪಕ್ಷ ಮೂರು ನೂಲಿನಷ್ಟು ಹೊಕ್ಕಿರಬೇಕು. ಅದು ಮತ್ತೆ ಮೇಲಕ್ಕೆ ಎದ್ದು ಕಳಚದ ಹಾಗೆ ಒಳಗೆ ಒಂದು ತಡೆ ಕೂರಿಸಬೇಕು. ಇದೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಶಟರನ್ನು ಎರಡೂ ಕೈಯಿಂದ ಬಲವಾಗಿ ಮೇಲಕ್ಕೆ ಎತ್ತಿ ಒಳಗೆ ಎಳೆದು ನೋಡಬೇಕು. ಎಂಟು ಕಿಟಕಿಗಳನ್ನೂ ಎತ್ತಿ ನೋಡಿದೆ. ಒಂದೂ ಅಲುಗಲಿಲ್ಲ.

ಒಂಬತ್ತನೆಯದು ಮೇಸ್ತ್ರಿಯದು. ಎಂಟನೇ ದಿನ ಅವರ ಹೆಂಡತಿ ಬಸ್ಸಿನಲ್ಲಿ ಕರೆದುಕೊಂಡು ಬಂದು ಬಿಟ್ಟುಹೋದರು. ಅಳತೆಕೋಲಾಗಿ ಒಂದು ತೆಳು ಪಟ್ಟಿಯನ್ನು ಗೋಡೆಯ ಒಂದಂಚಿಗೆ ತಾಗಿಸಿ ಹಿಡಿದು, ಇನ್ನೊಂದಂಚಿನಲ್ಲಿ ಉಗುರಿನಿಂದ ಗುರುತು ಮಾಡಿ, ಆ ಗುರುತಿನ ಮೇಲೆ ಬ್ಲೇಡು ಎಳೆದರು. ಅದೇ ಪಟ್ಟಿಯನ್ನು ಅಲ್ಯೂಮಿನಿಯಂ ಮೇಲೆ ಇಟ್ಟು ಕತ್ತರಿಸಿದರು. ಕತ್ತರಿಸುವ ಮಿಷಿನ್ನಿನ ಹತ್ತಿರ ನಾನು ನಿಂತಿದ್ದೆ. ಫ್ರೇಮನ್ನು ಎತ್ತಿ ಗೋಡೆಗೆ ಹಿಡಿದಾಗ ಅದು ಕೈಗೆ ಬಳೆ ಹೋದ ಹಾಗೆ ಹೋಗಿ ಕುಳಿತಿತು. ಮೂಲೆಯಿಂದ ಮೂಲೆಗೆ ಅಳೆದೆ, ಒಂದು ನೂಲಿನ ವ್ಯತ್ಯಾಸವೂ ಇರಲಿಲ್ಲ. ನನ್ನ ಎಂಟರಲ್ಲಿ ಯಾವುದೂ ಅಷ್ಟು ಚೆನ್ನಾಗಿ ಕೂತಿರಲಿಲ್ಲ.

"ಹೆಂಗೈತೆ?" ಎಂದರು.

"ನಿಮ್ಮ ಕೈ ಹೆಂಗಿತ್ತೋ ಹಂಗೇ ಐತೆ ಮೇಸ್ತ್ರಿ."

ಶಟರುಗಳನ್ನೂ ಅವರೇ ಅಳೆದು ಕತ್ತರಿಸಿ ಜೋಡಿಸಿದರು. ಕೂರಿಸಿದ ಮೇಲೆ ಹೆಗಲ ಟವೆಲ್ಲಿನಿಂದ ಗಾಜು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಟೀಚರ್ ಬಂದು ಒಂದು ಬೆರಳಿನಿಂದ ಕಿಟಕಿ ಸರಿಸಿ, "ಇದು ಬೆಣ್ಣೆ ಜಾರಿದಂಗೆ ಜಾರ್ತತೆ ಮೇಸ್ತ್ರಿ" ಎಂದಾಗ ಅವರು ತಲೆ ತಗ್ಗಿಸಿದರು.

ನಾನು ಎತ್ತಿ ನೋಡಬೇಕಾಗಿತ್ತು. ಅವರು ಅಲ್ಲಿಯೇ, ಒಂದು ಮೊಳ ದೂರದಲ್ಲಿ ನಿಂತಿದ್ದರು. ನಾನು ಎತ್ತಿದರೆ ಅವರಿಗೆ ಕಾಣದಿದ್ದರೂ ಸದ್ದು ಕೇಳುತ್ತಿತ್ತು. ತನ್ನ ಕೊನೆಯ ಕೆಲಸವನ್ನು ಶಿಷ್ಯ ಪರೀಕ್ಷೆ ಮಾಡಿ ನೋಡಿದ ಎಂದು ಗೊತ್ತಾಗುತ್ತಿತ್ತು. ನಾಳೆ ಬಂದು ನೋಡಿದರಾಯಿತು ಎಂದುಕೊಂಡೆ. ಉಪಕರಣಗಳನ್ನು ಚೀಲಕ್ಕೆ ತುಂಬಿಕೊಂಡೆ. ನಾಳೆ ಸಾಸ್ವೆಹಳ್ಳಿಯ ಕೆಲಸ ಬಂತು. ನಾಡಿದ್ದು ಮತ್ತೊಂದು.

ಮೂರು ವಾರದ ಮೇಲೆ ಫೋನ್ ಮಾಡಿದ್ದು ಟೀಚರ್ ಅಲ್ಲ, ಅವರ ಬಳಿ ಕಲಿಯುತ್ತಿದ್ದ ಒಬ್ಬ ಹೆಂಗಸು. ಅಳುತ್ತಿದ್ದರು. ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮಧ್ಯಾಹ್ನ ಗಾಳಿ ಎದ್ದು ಧೂಳು ಒಳಗೆ ಬರತೊಡಗಿದಾಗ ಟೀಚರ್ ಕಿಟಕಿ ಮುಚ್ಚಲು ಎದ್ದಿದ್ದರು. ಒಂಬತ್ತನೆಯದರ ಹಳಿಯಲ್ಲಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು. ಶಟರ್ ಸರಿಯಲಿಲ್ಲ. ಎಲ್ಲರೂ ಮಾಡುವ ಹಾಗೆ ಅದನ್ನು ಸ್ವಲ್ಪ ಮೇಲಕ್ಕೆತ್ತಿ ತಳ್ಳಿದರು. ಅದು ಪೂರ್ತಿ ಕಳಚಿ ಒಳಮುಖವಾಗಿ ವಾಲಿತು. ಅದರ ಕೆಳಗೇ ಇಬ್ಬರು ಹೆಂಗಸರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಕೈಬಿಟ್ಟು ಹಿಂದೆ ಸರಿದಿದ್ದರೆ ಟೀಚರಿಗೆ ಏನೂ ಆಗುತ್ತಿರಲಿಲ್ಲ. ಅವರು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿಸಿದರು. ಗಾಜು ಕಿಟಕಿಯ ಮೂಲೆಗೆ ಬಡಿದು ಒಡೆದು ಬಲ ಅಂಗೈಯನ್ನು ಅಡ್ಡಕ್ಕೆ ಸೀಳಿತ್ತು.

ನಾನು ಹೋಗುವಷ್ಟರಲ್ಲಿ ಅವರನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದರು. ಹಾಲಿನಲ್ಲಿ ಯಾರೂ ಇರಲಿಲ್ಲ. ಯಾರದೋ ಅರ್ಧ ಹೊಲಿದ ರವಿಕೆ ಮಿಷಿನ್ನಿನ ಸೂಜಿಯಡಿಯಲ್ಲೇ ಇತ್ತು. ಗೋಡೆಯಲ್ಲಿ ಉಳಿದ ಫ್ರೇಮನ್ನೂ ಕೆಳಗೆ ಬಿದ್ದಿದ್ದ ಶಟರನ್ನೂ ಅಳೆದೆ. ಅಗಲ ಕರಾರುವಾಕ್ಕಾಗಿತ್ತು. ಎತ್ತರದಲ್ಲಿ ಶಟರನ್ನು ಎರಡು ನೂಲು ಕಡಿಮೆ ಕತ್ತರಿಸಿದ್ದರು. ಅದರ ತಲೆ ಮೇಲಿನ ಹಳಿಯೊಳಗೆ ಒಂದೇ ನೂಲು ಹೊಕ್ಕಿತ್ತು. ತಡೆಯ ತುಂಡು ಹಳಿಯ ಮೂಲೆಯಲ್ಲಿ ಬಿದ್ದಿತ್ತು, ಅದರ ಸ್ಕ್ರೂ ತಗಡಿಗೆ ತಾಗದೆ ಪಕ್ಕದ ಖಾಲಿಯಲ್ಲಿ ತಿರುಗಿತ್ತು. ಕಣ್ಣಿದ್ದವರಿಗೆ ಕಾಣುವ ತಪ್ಪು. ಕೈಯಿಂದ ಎತ್ತಿ ನೋಡಿದ್ದರೆ ಯಾರಿಗಾದರೂ ಗೊತ್ತಾಗುವ ತಪ್ಪು.

ಆಸ್ಪತ್ರೆಯಲ್ಲಿ ಕಡಿದ ನರಗಳನ್ನು ಸೇರಿಸಿ ಹೊಲಿದರು. ನಾನು ನಾಲ್ಕು ದಿನ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಐದನೇ ದಿನ ಟೀಚರ್ ನನ್ನನ್ನು ಒಳಗೆ ಕರೆಸಿದರು. ಕೈಯನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ತೋರುಬೆರಳು, ನಡುಬೆರಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಅಷ್ಟರಲ್ಲಿ ಡಾಕ್ಟರು ಹೇಳಿದ್ದರು.

"ಅದನ್ನ ಕೂರಿಸಿದ್ದು ಮೇಸ್ತ್ರಿ ಅಲ್ವಾ?"

"ಕೂರಿಸಿದ್ದು ಅವರು. ನೋಡ್ಬೇಕಾಗಿದ್ದು ನಾನು. ನೋಡ್ಲಿಲ್ಲ ಮೇಡಂ."

"ಬಾಕಿ ಎಂಟೂ ಎತ್ತಿ ಎತ್ತಿ ನೋಡಿದ್ರಲ್ರೀ. ನಾನೇ ನಿಂತು ನೋಡೀನಿ."

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಣ್ಣಿನ ವಿಷಯ, ಕೋಲಿನ ವಿಷಯ, ಅವರು ಪಕ್ಕದಲ್ಲಿ ನಿಂತಿದ್ದ ವಿಷಯ. ಎತ್ತಿ ನೋಡಿದರೆ ಅವರ ಮನಸ್ಸಿಗೆ ನೋವಾಗುತ್ತದೆ ಎಂದು ಬಿಟ್ಟೆ ಎಂದೆ. ಅವರು ಪೂರ್ತಿ ಕೇಳಿದರು. ಕಣ್ಣು ಕಿಟಕಿಯ ಕಡೆ ಇತ್ತು.

"ಅಂದ್ರೆ ನಮ್ಮ ಹನ್ನೆರಡು ಜನದ ತಲೆಗಿಂತ ಅವರೊಬ್ಬರ ಮನಸ್ಸು ಹೆಚ್ಚಾತು ನಿಮಗೆ."

ಅವರು ದನಿ ಏರಿಸಲಿಲ್ಲ. ಎಲ್ಲಿಗೂ ದೂರು ಕೊಡಲಿಲ್ಲ. ಅವರು ಕಣ್ಣು ಮುಚ್ಚಿದ ಮೇಲೆ ಹೊರಗೆ ಬಂದೆ.

ಎರಡು ತಿಂಗಳ ಮೇಲೆ ತರಗತಿ ಮತ್ತೆ ಶುರುವಾಯಿತು. ಟೀಚರಿಗೆ ಕತ್ತರಿ ಹಿಡಿಯಲು ಬರುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಬಾಯಲ್ಲಿ ಹೇಳುತ್ತಿದ್ದರು, ಹಳೆಯ ವಿದ್ಯಾರ್ಥಿನಿಯೊಬ್ಬಳು ಬಟ್ಟೆ ಕತ್ತರಿಸುತ್ತಿದ್ದಳು. ಹನ್ನೆರಡು ಜನರಲ್ಲಿ ಐವರು ತಿರುಗಿ ಬಂದಿರಲಿಲ್ಲ. ಒಂಬತ್ತನೇ ಕಿಟಕಿಯನ್ನು ಮತ್ತೆ ಮಾಡಿ ಕೂರಿಸಲು ಹೋದಾಗ ಇದನ್ನೆಲ್ಲ ಕಣ್ಣಾರೆ ಕಂಡೆ. ಕೆಲಸ ಮುಗಿಸಿ ಎಲ್ಲರ ಎದುರಿಗೆ ಶಟರನ್ನು ಎತ್ತಿ ತೋರಿಸಿದೆ. ಟೀಚರ್ "ಸರಿ" ಎಂದರು. ಅಷ್ಟೇ.

ಇಷ್ಟಾದರೂ ಮೇಸ್ತ್ರಿಗೆ ಏನೂ ಗೊತ್ತಿರಲಿಲ್ಲ. ಕಿಟಕಿ ಕೂರಿಸಿದ ವಾರದಲ್ಲೇ ಅವರು ಕಣ್ಣಿನ ಚಿಕಿತ್ಸೆಗೆಂದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ಅವರ ಹೆಂಡತಿಗೆ ನಾನು ಫೋನಿನಲ್ಲಿ ಹೇಳಿದ್ದೆ. "ನಿನ್ನ ಕೈ ಮುಗೀತೀನಪ್ಪ, ಅವರಿಗೆ ಮಾತ್ರ ತಿಳಿಸಬ್ಯಾಡ" ಎಂದು ಅತ್ತಿದ್ದರು. ನನಗೂ ಅದೇ ಬೇಕಾಗಿತ್ತು. ಸುಮ್ಮನಿದ್ದೆ. ಮೇಸ್ತ್ರಿ ಫೋನ್ ಮಾಡಿದರೆ ಕೆಲಸದ ನೆಪ ಹೇಳಿ ಇಡುತ್ತಿದ್ದೆ.

ಒಂದು ದಿನ ಅವರ ಮಗಳು ಫೋನ್ ಮಾಡಿದಳು. "ಅಣ್ಣ, ಅಪ್ಪ ಊಟ ಮಾಡಾಕೂ ಒಲ್ಲೆ ಅಂತಾರೆ. ನಿನ್ನ ನೋಡ್ಬೇಕಂತೆ. ಒಂದ್ಸಲ ಬಂದು ಹೋಗು."

ಹೋದೆ. ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಇನ್ನೊಂದು ಬಸ್ಸು. ಮೇಸ್ತ್ರಿ ಮಂಚದ ಮೇಲೆ ಕುಳಿತಿದ್ದರು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಬೆಳಕು ಮಾತ್ರ ಗೊತ್ತಾಗುತ್ತಿತ್ತು. ನನ್ನ ಚಪ್ಪಲಿ ಸದ್ದಿಗೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಗಳು ಚಹಾ ತಂದುಕೊಟ್ಟು ಹೇಳಿದಳು, "ಬಂದೋರಿಗೆಲ್ಲಾ ಅದೇ ಕಥೆ ಅಣ್ಣ. ಕಣ್ಣಿಲ್ದೆ ಒಂದು ಕಿಟಕಿ ಕೂರಿಸೀನಿ, ಬೆಣ್ಣೆ ಜಾರಿದಂಗೆ ಜಾರ್ತತೆ ಅಂತ."

ಮೇಸ್ತ್ರಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. "ಕರೆಸಿದ್ದು ಅದಕ್ಕೇ. ಕೋಲಿನ ಅಳತೆ ನಡೀತೈತೆ ತಮ್ಮ. ನೀನೇ ನೋಡೀಯಲ್ಲ. ಇಲ್ಲಿ ಕೂತ್ರೆ ಸತ್ತೋಗ್ತೀನಿ. ಬರೋ ಸೋಮವಾರದಿಂದ ಬರ್ತೀನಿ. ಬೇರೆ ಏನೂ ಬ್ಯಾಡ, ಕಿಟಕಿ ಒಂದು ಕೊಡು."

ಬಸ್ಸಿನಲ್ಲಿ ಬರುವಾಗ ಇದೊಂದನ್ನು ನಾನು ಯೋಚಿಸಿರಲಿಲ್ಲ. ಅವರು ಹಳೆಯ ಮಾತು ಆಡುತ್ತಾರೆ, ನಾನು ಹೂಂಗುಟ್ಟಿ ಬರುತ್ತೇನೆ ಎಂದುಕೊಂಡಿದ್ದೆ. ಕೆಲಸ ಇಲ್ಲ ಎಂದು ಏನಾದರೂ ಸುಳ್ಳು ಹೇಳಬಹುದಾಗಿತ್ತು. ಆದರೆ ನಾನಲ್ಲದಿದ್ದರೆ ಅವರು ಇನ್ನೊಬ್ಬರನ್ನು ಕೇಳುತ್ತಾರೆ. ಅವರ ಹೆಸರಿಗೆ ಯಾರಾದರೂ ಒಂದು ಕಿಟಕಿ ಕೊಟ್ಟೇ ಕೊಡುತ್ತಾರೆ. ಆ ಕಿಟಕಿಯ ಕೆಳಗೂ ಯಾರೋ ಕೂತಿರುತ್ತಾರೆ. ಟೀಚರ್ ಆಸ್ಪತ್ರೆಯಲ್ಲಿ ಆಡಿದ ಮಾತು ಬೆನ್ನ ಹಿಂದೆ ನಿಂತು ತಳ್ಳಿದ ಹಾಗಾಯಿತು.

ಹೇಳಿದೆ. ಗಾಳಿ, ಬಟ್ಟೆಯ ಚೂರು, ಕಳಚಿದ ಶಟರ್, ಟೀಚರ್ ಕೈ, ಮಡಚದ ಎರಡು ಬೆರಳು. ಅವರ ಕೈ ನನ್ನ ಮೊಣಕಾಲಿನ ಮೇಲೆಯೇ ಇತ್ತು. ಎಲ್ಲೋ ಮಧ್ಯದಲ್ಲಿ ಅದು ಭಾರವಾಯಿತು, ಆಮೇಲೆ ಅಲ್ಲಿರಲಿಲ್ಲ.

ಮಗಳು ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಎತ್ತರದಾಗೆ ಎಷ್ಟು ಕಡಿಮೆ ಇತ್ತು?" ಎಂದರು ಮೇಸ್ತ್ರಿ.

"ಎರಡು ನೂಲು."

"ತಡೆ?"

"ಸ್ಕ್ರೂ ಹಿಡಿದಿರಲಿಲ್ಲ."

"ನೀನು ಎತ್ತಿ ನೋಡ್ಲಿಲ್ವಾ?"

"ಇಲ್ಲ."

"ಯಾಕೆ?"

"ನೀವು ಅಲ್ಲೇ ನಿಂತಿದ್ರಿ ಮೇಸ್ತ್ರಿ."

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಕಾಣದ ಆ ಕಣ್ಣುಗಳು ನನ್ನ ಕಿವಿಯ ಪಕ್ಕದಲ್ಲೆಲ್ಲೋ ನಿಂತವು.

"ಹಂಗಾದ್ರೆ ನಾನು ನಿಂಗೆ ಏನೂ ಕಲಿಸ್ಲೇ ಇಲ್ಲ ಬಿಡು."

ನಾನು ಅವರ ಪಾದದ ಹತ್ತಿರ ಕೈ ಒಯ್ದೆ. ಅವರು ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಚಹಾ ಹಾಗೇ ಇತ್ತು. ಹೊರಗೆ ಯಾರೋ ಸೂರ್ಯಕಾಂತಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಕಾದೆ. ಕೊನೆಯ ಬಸ್ಸಿನ ಹೊತ್ತಾಯಿತು ಎಂದು ಮಗಳು ಮೆಲ್ಲಗೆ ಹೇಳಿದಳು.

ಎದ್ದು ನಿಂತು, "ಬರ್ತೀನಿ ಮೇಸ್ತ್ರಿ" ಎಂದೆ.

ಇಪ್ಪತ್ತೆರಡು ವರ್ಷ ಅವರು ನನ್ನನ್ನು ತಮ್ಮ ಎಂದಿದ್ದಾರೆ, ಲೋ ಎಂದಿದ್ದಾರೆ, ಸಿಟ್ಟು ಬಂದಾಗ ಕತ್ತೆ ಎಂದಿದ್ದಾರೆ. ಗೋಡೆಯ ಕಡೆಯಿಂದಲೇ, ಮನೆಗೆ ಬಂದ ಗಿರಾಕಿಯ ಜೊತೆ ಮಾತಾಡುವ ಹಾಗೆ ಹೇಳಿದರು:

"ಹೋಗಿ ಬರ್ರಿ."